ಈರಣ್ಣ ಹಾಕಿದ ನೆಲ

ತುಂಗಕ್ಕನ ಪಡಸಾಲೆಯ ನೆಲ ಕಿತ್ತು ಹೊಸದಾಗಿ ಹಾಕಿದವನು ಕಂಟ್ರಾಕ್ಟರ್ ಈರಣ್ಣ. ಆದರೆ ಹೊಸ ನೆಲ ಒರೆಸಿದ ನೀರೆಲ್ಲ ಹರಿದು ಹೋಗಿ ಒಂದು ಮೂಲೆಯಲ್ಲಿ ನಿಲ್ಲುತ್ತಿತ್ತು. ತುಂಬು ಬಸುರಿ ಮಗಳು ಬಾಣಂತನಕ್ಕೆ ಬರುವವಳು, ಜಾರಿ ಬಿದ್ದರೆ ಗತಿಯೇನು?

"ನೆಲ ಸರಿಯಾಗೇ ಇದೆ ಅಕ್ಕ, ವಾರೆ ಇರೋದು ನಿಮ್ಮ ಕಣ್ಣು," ಎಂದ ಈರಣ್ಣ.

"ಇದ್ದರೂ ಇರಬಹುದು ಕಣಪ್ಪ. ನಾಳೆ ಊಟಕ್ಕೆ ಬಾ. ಮನೆ ಕೆಲಸ ಮಾಡಿದವರಿಗೆ ಎಲೆ ಹಾಕದಿದ್ದರೆ ಹೇಗೆ?"

ಗರಿಗರಿ ಬಿಳಿ ಪಂಚೆಯುಟ್ಟು ಬಂದ ಈರಣ್ಣನನ್ನು, ನೆಲದ ಮೇಲೆ ಸಾಲಾಗಿ ಕೂತ ಬೀದಿಯ ಹಿರಿಯರ ಪಕ್ಕ, ಅದೇ ಮೂಲೆಯಲ್ಲಿ ಕೂರಿಸಿದಳು. ಬಾಳೆಲೆಗಳಿಗೆ ಧಾರಾಳವಾಗಿ ತಿಳಿಸಾರು ಸುರಿದಳು. ಅವನ ಸಾರು ಎಲೆ ದಾಟಿ ಪಂಚೆಗಿಳಿಯಿತು. ಹಿರಿಯರ ಸಾರೂ ಅದರ ಹಿಂದೆಯೇ ಹೊರಟಿತು. ಈರಣ್ಣ ಅನ್ನದ ಕಟ್ಟೆ ಕಟ್ಟಿದ. ಕಟ್ಟೆ ಒಡೆಯಿತು. ಹಿರಿಯರು ಉಣ್ಣುವಾಗ ಪಂಕ್ತಿಯಿಂದ ಏಳುವಂತೆಯೂ ಇಲ್ಲ.

"ಸಾರು ಬಲು ರುಚಿ, ಇನ್ನೊಂದು ಸೌಟು ಹಾಕಮ್ಮ!" ಎಂದರು ಹಿರಿಯರು.

ಅದೂ ಹರಿದು ಬಂತು. ಅಷ್ಟರಲ್ಲಿ ತುಂಗಕ್ಕ ಪಾಯಸದ ಪಾತ್ರೆ ತಂದಳು.

"ಅಕ್ಕಾ, ಬೇಡ! ನೆಲ ಕಿತ್ತು ನನ್ನ ಖರ್ಚಲ್ಲೇ ಮತ್ತೆ ಹಾಕ್ತೀನಿ!"

ತುಂಗಕ್ಕ ಸೌಟು ಎತ್ತಿ ಹಿಡಿದೇ ಕೇಳಿದಳು, "ಯಾವಾಗ?"

"ನಾಳೆ ಬೆಳಗ್ಗೇನೇ!"

ಆಮೇಲೆ ಅವನಿಗೆ ಪಾಯಸವನ್ನು ಲೋಟದಲ್ಲಿ ಕೊಟ್ಟಳು.