ಅಕ್ಕಿ ಡ್ರಮ್ಮಿನಲ್ಲಿ ವಿಡಿಯೋ ಗೇಮು

ಕತೆ ಕೇಳುತ್ತಾ ನಗಬಹುದು, ಅಡ್ಡಿಯಿಲ್ಲ. ಪಾಪಣ್ಣನನ್ನು ಮಾತ್ರ ಬೈಯಬೇಡಿ. ಅವನ ಪಾಲಿನ ಬೈಗುಳವನ್ನೆಲ್ಲ ಅವನ ತಾಯಿ ಕೆಂಚಮ್ಮ ಆಗಲೇ ಬೈದಾಗಿದೆ.

ಕೆಂಚಮ್ಮ ಅರಸೀಕೆರೆಯಲ್ಲಿ ಇಡ್ಲಿ ಮಾರುತ್ತಿದ್ದಳು. ಮಗ ಆಳಿಗೆ ಆಳು, ಮನಸ್ಸು ಬೆಣ್ಣೆ, ತಲೆ ಮಾತ್ರ ಖಾಲಿ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವನು, ಅದೇ ಅವನ ರೋಗ. ಊರಿನ ಅಂಗಡಿಯವರೆಲ್ಲ ಅವನನ್ನು ಇಟ್ಟುಕೊಂಡು ನೋಡಿ, ಕೈಮುಗಿದು ವಾಪಸು ಕಳಿಸಿದ್ದರು. ಉಳಿದವರೆಂದರೆ ಟಿವಿ ರಿಪೇರಿಯ ಮೌನೇಶಾಚಾರ್ರು. ಅವರ ತಾತ ಚಿನ್ನಕ್ಕೆ ಬೆಸುಗೆ ಹಾಕುತ್ತಿದ್ದರು, ಇವರು ತಂತಿಗೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

"ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಅನ್ನ ಹಾಕೋರು ಯಾರು ಆಚಾರ್ರೇ? ಒಂದು ಕಸುಬು ಕಲಿಸಿ," ಅಂತ ಕೆಂಚಮ್ಮ ಕಣ್ಣೀರು ಹಾಕಿದಳು. ಆಚಾರ್ರು ಕರಗಿದರು.

ಮೊದಲ ದಿನ ಕಳಿಸುವಾಗ ತಾಯಿ ಬುದ್ಧಿ ಹೇಳಿದಳು: ದಾರೀಲಿ ದೊಡ್ಡೋರು ಸಿಕ್ಕರೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡು ಮಗ.

ಆಗ ಅಂಗಡಿಗೆ ಒಂದು ಹಳೇ ವಿಡಿಯೋ ಗೇಮು ಬಂದಿತ್ತು. ಯಾರೋ ದುಬೈಯಿಂದ ತಂದದ್ದು, ಇಲ್ಲಿನ ಸೀಡಿ ಹಾಕಿದರೆ ಓಡದು. ಒಳಗೊಂದು ಚಿಪ್ ಬೆಸೆದರೆ ಓಡುತ್ತೆ. ಆ ಚಿಪ್ ಬೆಂಗಳೂರಿನ ಬಸ್ಸಿನಲ್ಲಿ ಬಂತು, ತರಲು ಪಾಪಣ್ಣನನ್ನು ಬಸ್‌ಸ್ಟ್ಯಾಂಡಿಗೆ ಕಳಿಸಿದರು. ಆಚಾರ್ರು ಚಿಪ್ ತಗೊಂಡು ಬಾ ಅಂದಿದ್ದರೇ ಹೊರತು ಪೊಟ್ಟಣ ತಾ ಅಂದಿರಲಿಲ್ಲವಲ್ಲ. ಪಾಪಣ್ಣ ಪೊಟ್ಟಣ ಬಿಸಾಡಿ, ಉಗುರಿನಷ್ಟು ಚಿಪ್ಪನ್ನು ಮುಷ್ಟಿಯಲ್ಲಿ ಹಿಡಿದು ಹೊರಟ. ದಾರಿಯಲ್ಲಿ ಒಬ್ಬ ಮುದುಕಪ್ಪ ಸಿಕ್ಕ. ಎರಡೂ ಕೈ ಜೋಡಿಸಿದ. ಚಿಪ್ ಮೋರಿಗೆ ಬಿತ್ತು.

ಕೆಂಚಮ್ಮ ಹಣೆ ಚಚ್ಚಿಕೊಂಡಳು. ಸಾಮಾನನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕ್ಕೋಬೇಕಪ್ಪ ಅಂದಳು. ಆಗಲಮ್ಮ ಅಂದ.

ಎರಡನೇ ಚಿಪ್ಪನ್ನು ಆಚಾರ್ರೇ ಹೋಗಿ ತಂದರು. ಬೆಸೆಯಬೇಕು ಅನ್ನುವಷ್ಟರಲ್ಲಿ ಸೋಲ್ಡರಿಂಗ್ ಐರನ್ ಕೆಟ್ಟಿತು. ಪಕ್ಕದ ರೇಡಿಯೋ ಅಂಗಡಿಯವರದ್ದು ತಗೊಂಡು ಬಾರಪ್ಪ ಅಂದರು. ಅಲ್ಲಿ ಆಗಷ್ಟೇ ಪ್ಲಗ್ಗು ಕಿತ್ತಿಟ್ಟಿದ್ದರು, ಇನ್ನೂ ಸುಡುತ್ತಿತ್ತು. ಪಾಪಣ್ಣ ಅದನ್ನು ಪೇಪರಿನಲ್ಲಿ ಸುತ್ತಿ ಅಂಗಿ ಜೇಬಿಗೆ ಹಾಕಿಕೊಂಡ. ಜೇಬು ಹೊಗೆಯಾಡಿತು, ಎದೆಯಲ್ಲಿ ಬೊಬ್ಬೆ ಎದ್ದಿತು, ಆದರೂ ತೆಗೆಯಲಿಲ್ಲ ಪುಣ್ಯಾತ್ಮ. ಅಮ್ಮ ಹೇಳಿದ್ದಾಳಲ್ಲ.

ಕೆಂಚಮ್ಮ ಬೊಬ್ಬೆಗೆ ಬೆಣ್ಣೆ ಹಚ್ಚುತ್ತಾ ಬೈದಳು, ಬೈಯುತ್ತಾ ಅತ್ತಳು. ಬಿಸಿ ಇದ್ದರೆ ಮೊದಲು ನೀರಲ್ಲಿ ಅದ್ದಿ ತಣ್ಣಗೆ ಮಾಡಬೇಕು ಕಣೋ ಅಂದಳು. ಆಗಲಮ್ಮ ಅಂದ.

ಮಾರನೇ ದಿನ ಆಚಾರ್ರು ಕನ್ನಡಕ ಏರಿಸಿಕೊಂಡು, ಉಸಿರು ಬಿಗಿಹಿಡಿದು, ಕೂದಲಿನಂಥ ತಂತಿಗಳನ್ನು ಒಂದೊಂದಾಗಿ ಬೆಸೆದರು. ಸೀಡಿ ಹಾಕಿದರೆ ಟಿವಿಯಲ್ಲಿ ಕಾರುಗಳು ಓಡಿದವು. ಸಂತೋಷದಿಂದ ಊಟಕ್ಕೆ ಹೋದರು, ಆಫ್ ಮಾಡಿ ಎತ್ತಿಡಪ್ಪ ಅಂತ ಹೇಳಿ. ಪಾಪಣ್ಣ ಪ್ಲಗ್ಗು ಕಿತ್ತು ಮುಟ್ಟಿ ನೋಡಿದ. ಬಿಸಿ. ಬಕೆಟ್ಟಿನಲ್ಲಿ ಅದ್ದಿದ.

ಆಚಾರ್ರು ಬಂದು ನೋಡಿ ಬಕೆಟ್ಟಿನ ಪಕ್ಕ ಕೂತು, ನೀರು ಸುರಿಯುತ್ತಿದ್ದ ಗೇಮನ್ನು ಮೇಲೆತ್ತಿದರು. ಆಮೇಲೆ ಮೆಲ್ಲಗೆ ಅಂದರು: "ಒದ್ದೆಯಾದದ್ದನ್ನ ಒರೆಸಿ ಅಕ್ಕೀಲಿ ಹೂಳಬೇಕು ಪಾಪಣ್ಣ, ಒಣಗೋ ತನಕ. ಅದು ಬದುಕಿದರೆ ನೀನು ಇಲ್ಲಿರ್ತೀಯ. ಇಲ್ಲದಿದ್ದರೆ ಅಮ್ಮನ ಹತ್ತಿರ ಹೋಗು."

ಕೆಂಚಮ್ಮ ಇಡ್ಲಿಯ ಅಕ್ಕಿ ಡ್ರಮ್ಮನ್ನೇ ಬಿಟ್ಟುಕೊಟ್ಟಳು. ಗೇಮು ಅಕ್ಕಿಯಿಂದ ಹೊರಬರುವವರೆಗೂ ಆ ತಾಯಿ ಸರಿಯಾಗಿ ಉಣ್ಣಲಿಲ್ಲ. ಒಣಗಿದ ಮೇಲೆ ಆಚಾರ್ರು ಬಂದು ಅಂಗಡಿಗೆ ಹೊತ್ತೊಯ್ದರು. ಅಮ್ಮ ಮಗ ಮನೆ ಬಾಗಿಲಲ್ಲೇ ಕಾದರು. ಮಳೆ ಹಿಡಿಯಿತು. ಆ ಮಳೆಯಲ್ಲೇ ಸಣಕಲು ಆಚಾರ್ರು ತೊಯ್ದು ತೊಪ್ಪೆಯಾಗಿ ಓಡಿ ಬಂದರು.

"ಓಡ್ತು ಕೆಂಚಮ್ಮ. ನಿನ್ನ ಮಗ ನನ್ನ ಅಂಗಡೀಲೇ ಇರಲಿ."

ಕೆಂಚಮ್ಮ ದೇವರಿಗೆ ಕೈಮುಗಿಯಲು ಒಳಗೆ ಹೋದಳು. ಬರುವಷ್ಟರಲ್ಲಿ ಪಾಪಣ್ಣ ಆಚಾರ್ರ ತಲೆ ಒರೆಸಿ, ಮಗುವಿನಂತೆ ಎತ್ತಿ ಡ್ರಮ್ಮಿಗಿಳಿಸಿ, ಕುತ್ತಿಗೆಯವರೆಗೂ ಅಕ್ಕಿ ಸುರಿದಿದ್ದ.

ಇನ್ನು ಕೆಲಸ ಹೋಯಿತು ಅಂದುಕೊಂಡಳು ಕೆಂಚಮ್ಮ. ಆಚಾರ್ರು ಅಕ್ಕಿಯ ಮೇಲೆ ಗದ್ದ ಇಟ್ಟುಕೊಂಡು, ಪೆದ್ದನ ಎದೆಯ ಬೊಬ್ಬೆಯನ್ನೇ ನೋಡಿದರು. ಕೊನೆಗೆ ಕೇಳಿದರು: "ನಾನಿಲ್ಲಿದ್ದರೆ ನಾಳೆ ಅಂಗಡಿ ಬಾಗಿಲು ಯಾರೋ ತೆಗೆಯೋದು?"

"ನಾನೇ ತೆಗೀತೀನಿ. ನೀವು ಚೆನ್ನಾಗಿ ಒಣಗಿ," ಅಂದ ಪಾಪಣ್ಣ. ಅವರ ಹಣೆ ಮುಟ್ಟಿ ನೋಡಿದ. "ಬಿಸಿ ಆದರೆ ಮಾತ್ರ ಕೂಗಿ ಆಚಾರ್ರೇ. ಬಕೆಟ್ ತುಂಬಿಸಿಟ್ಟಿದ್ದೀನಿ."