ಎರಡನೆಯ ನಟ್ಟು

ಅಣುಸ್ಥಾವರವೊಂದರಲ್ಲಿ ಬಳಸಿ ಮುಗಿದ ಇಂಧನದ ಪೆಟ್ಟಿಗೆಯನ್ನು ಎತ್ತಿ ಇಳಿಸಲು ಒಂದು ಸ್ಕ್ರೂ ಜಾಕ್ ಇತ್ತು. ಅದರ ಉದ್ದನೆಯ ತಿರುಪಿಗೆ ಎರಡು ನಟ್ಟುಗಳು. ಭಾರವೆಲ್ಲ ಮೇಲಿನದರ ಮೇಲೆ. ಕೆಳಗಿನದು ಉಗುರಿನಷ್ಟು ಅಂತರ ಬಿಟ್ಟು ಬರಿದೇ ಜೊತೆಗೆ ಸಾಗುತ್ತಿತ್ತು.

ಒಂದು ದಿನ ಕೆಳಗಿನ ನಟ್ಟು ಹೇಳಿತು: "ಅಣ್ಣಾ, ನಮ್ಮ ನಡುವಿನ ಅಂತರ ಕಡಿಮೆಯಾಗುತ್ತಿದೆ. ನಿನ್ನ ಒಳಗಿನ ಹಲ್ಲು ಸವೆದು ನೀನು ನನ್ನತ್ತ ಇಳಿಯುತ್ತಿದ್ದೀಯ. ಇಂಜಿನಿಯರಮ್ಮ ತಪಾಸಣೆಗೆ ಬಂದಾಗ ಒಮ್ಮೆ ಕಿರುಗುಟ್ಟು."

"ಭಾರ ಹೊರದವನಿಗೆ ಮಾತು ಜಾಸ್ತಿ. ನನ್ನನ್ನು ಬಿಚ್ಚಿಸಿ ನನ್ನ ಜಾಗಕ್ಕೆ ಬರುವ ಆಸೆಯೋ?" ಎಂದ ಮೇಲಿನ ನಟ್ಟು, ತಪಾಸಣೆಯ ದಿನ ಗ್ರೀಸಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿತು.

ಮರುವಾರವೇ, ಪೆಟ್ಟಿಗೆ ಅರ್ಧ ಎತ್ತರದಲ್ಲಿದ್ದಾಗ, ಮೇಲಿನ ನಟ್ಟಿನ ಹಲ್ಲುಗಳೆಲ್ಲ ಒಮ್ಮೆಗೇ ಕಿತ್ತುಹೋದವು. ಧಡ್ ಎಂದಿತು. ದಪ್ಪ ಗಾಜಿನಾಚೆ ಇಂಜಿನಿಯರ್ ಮಂದಾಕಿನಿ ಬಿಳಿಚಿಕೊಂಡು, "ಮೋಟಾರ್ ನಿಲ್ಲಿಸಿ! ಯಾರೂ ಏನೂ ಮುಟ್ಟಬೇಡಿ!" ಎಂದು ಚೀರಿದರು.

ಪೆಟ್ಟಿಗೆ ಕೂದಲೆಳೆಯಷ್ಟು ಕುಸಿದು ನಿಂತಿತ್ತು.

ಮೇಲಿನ ನಟ್ಟಿಗೆ ನಂಬಲಾಗಲಿಲ್ಲ. "ತಮ್ಮಾ... ಅಷ್ಟೂ ಭಾರ ನಿನ್ನ ಮೇಲೆಯೇ?"

"ಹೌದು ಅಣ್ಣಾ," ಎಂದಿತು ಕೆಳಗಿನದು. "ನಿನ್ನ ಕೆಳಗೆ ನಾನಿದ್ದೆ. ನನ್ನ ಕೆಳಗೆ ಯಾರೂ ಇಲ್ಲ."