ಗಾಳಿಗೆ ಕೂರೋಕೆ ಜಾಗ ಇಲ್ಲ

ಇಲ್ಲ ಪುಟ್ಟಿ, ಗಾಳಿಗೆ ತಲೆ ಕೆಟ್ಟಿಲ್ಲ. ಅವನು ಹಾರಿಸಿದ ನನ್ನ ಟೋಪಿ ಈಗ ನಮ್ಮ ಹೇರು ಹೊರೋ ಲಾಮಾದ ಬಾಯಲ್ಲಿದೆ, ಅದು ಬೇರೆ ವಿಷ್ಯ. ಯಾಕೆ ಒಂದು ಕಡೆ ಕೂರಲ್ಲ ಅಂತ ಕೇಳ್ತೀಯಲ್ಲ, ಕೂರೋಕೆ ಬಿಡೋರು ಯಾರು ಅವನನ್ನ?

ನಮ್ಮ ಬೆಟ್ಟಗಳಿನ್ನೂ ಬಿಸಿಬಿಸಿ ಇದ್ದಾಗ, ಟಿಟಿಕಾಕಾ ಸರೋವರಕ್ಕೆ ಆಗಷ್ಟೇ ನೀರು ತುಂಬಿದ್ದಾಗ, ಇಲ್ಲಿ ಪಂಕರಾ ಅಂತ ಒಬ್ಬಳು ಇದ್ಲು. ನಾಲ್ಕು ಮಕ್ಕಳ ತಾಯಿ. ಆಲೂಗಡ್ಡೆ ಹುಲ್ಲಿನ ಮೇಲೆ ಹರಡಿ ಕಾಯ್ತಿದ್ಲು. ಗಡ್ಡೆ ಚಳಿಗೆ ಹೆಪ್ಪುಗಟ್ಟಬೇಕು, ಆಮೇಲೆ ತುಳಿದು ನೀರು ಹಿಂಡಿ ಒಣಗಿಸಬೇಕು. ಆಗಲೇ ಚುನ್ಯೊ, ಆಗಲೇ ವರ್ಷದ ಊಟ.

ಚಳಿ ಮಾತ್ರ ಬೆಟ್ಟದ ಮೇಲೇ ಕೂತಿತ್ತು.

"ಇಳಿದು ಬಾರಪ್ಪಾ. ಗಡ್ಡೆ ಕೊಳೀತಿದೆ," ಅಂದ್ಲು ಪಂಕರಾ.

"ಗಾಳಿ ಓಡಾಡ್ತಿದ್ರೆ ನಾನು ಇಳಿಯಲ್ಲ. ಮೊದಲು ಅವನನ್ನ ಕೂರಿಸು," ಅಂತು ಚಳಿ.

ಗಾಳಿಯೂ ಪಾಪ, ಸುತ್ತಿ ಸುತ್ತಿ ಸುಸ್ತಾಗಿದ್ದ. ಪಂಕರಾ ಅವನನ್ನ ಅಂಗಳಕ್ಕೆ ಕರೆದು, ಮೆಕ್ಕೆಜೋಳ ಹುಳಿಸಿ ಮಾಡಿದ ಚಿಚಾ ಒಂದು ಬಟ್ಟಲು ಕೊಟ್ಲು. ಗಾಳಿ ಒಂದೇ ಗುಟುಕಿಗೆ ಮುಗಿಸಿದ.

"ಅಯ್ಯೋ, ಮೊದಲ ಹನಿ ಪಾಚಮಾಮಾಗೆ ಅಲ್ವೇನೋ? ಭೂತಾಯಿಗೆ ಚೆಲ್ಲದೆ ಯಾರಾದ್ರೂ ಕುಡೀತಾರಾ?"

"ಹೌದಾ? ಬಟ್ಟಲು ಚಿಕ್ಕದಿತ್ತು," ಅಂದ ಗಾಳಿ, ಬಾಯಿ ಒರೆಸ್ಕೊಂಡು.

ಭೂತಾಯಿ ಅಂದ್ಲು, "ನನ್ನ ಬಿಟ್ಟು ಕುಡಿದವನು ನನ್ನ ಮೇಲೆ ಕೂರೋದು ಬೇಡ. ಏಳು."

ಬಂಡೆ ಮೇಲೆ ಕೂತ. ಬಂಡೆ, ಏಳು ಅಂತು. ಸರೋವರದ ಮೇಲೆ ಕೂತ. ಸರೋವರ, ಏಳು ಅಂತು. ಲಾಮಾದ ಬೆನ್ನ ಮೇಲೆ ಕೂತ. ಲಾಮಾ ಮಾತಾಡ್ಲಿಲ್ಲ, ಉಗೀತು.

ಪಂಕರಾ ನೆಲಕ್ಕೆ ಮಂಡಿಯೂರಿದ್ಲು. "ತಾಯೀ, ತಪ್ಪು ಅವನದ್ದು. ಹಸಿಯೋದು ನನ್ನ ಮಕ್ಕಳು." ತನ್ನ ಬಟ್ಟಲು ಪೂರ್ತಿ ನೆಲಕ್ಕೆ ಸುರಿದ್ಲು. ತನಗೆ ಒಂದು ಹನಿ ಇಟ್ಕೊಳ್ಳಲಿಲ್ಲ.

ಭೂತಾಯಿ ಅದನ್ನ ಪೂರ್ತಿ ಹೀರಿಕೊಂಡು ಅಂದ್ಲು, "ಸರಿ. ನಿನ್ನ ಗಡ್ಡೆ ಹೆಪ್ಪುಗಟ್ಟೋ ತನಕ ಕೂತ್ಕೊಳ್ಲಿ. ಆಮೇಲೆ ಎಬ್ಬಿಸ್ತೀನಿ."

ಗಾಳಿ ಕೂತ. ಚಳಿ ಇಳೀತು. ಗಡ್ಡೆ ಕಲ್ಲಾಯ್ತು. ನಾಲ್ಕೂ ಮಕ್ಕಳು ಬರಿಗಾಲಲ್ಲಿ ತುಳಿದರು, ಇಬ್ಬರು ಜಾರಿ ಬಿದ್ದರು, ಚುನ್ಯೊ ಆಯ್ತು. ಭೂತಾಯಿ ಹೇಳಿದಂಗೇ ಗಾಳಿನ ಎಬ್ಬಿಸಿ ಕಳಿಸಿದ್ಲು.

ಅದಕ್ಕೇ ಪುಟ್ಟಿ, ಇವತ್ತಿಗೂ ಗಾಳಿ ವರ್ಷವೆಲ್ಲ ನಮ್ಮ ಬಯಲಲ್ಲಿ ಅಲೀತಾನೆ, ಆಲೂಗಡ್ಡೆ ಹರಡೋ ಆ ನಾಲ್ಕು ದಿನ ಮಾತ್ರ ಒಂದು ಹುಲ್ಲುಕಡ್ಡಿಯೂ ಅಲ್ಲಾಡಲ್ಲ.

ಹಿಂಗಂತ ನಮ್ಮಣ್ಣನ ಮಗಳಿಗೆ ಹೇಳಿ ಒಳಗೆ ಬಂದೆ. ನನ್ನ ಹೆಂಡತಿ ಎಲ್ವಿರಾ ಕಂಬಳಿ ಮಡಚ್ತಾ ಇದ್ಲು.

"ಕಥೆ ಚೆನ್ನಾಗಿತ್ತು," ಅಂದ್ಲು. "ನಿನ್ನೆ ನೀವೂ ಚಿಚಾ ಬಟ್ಟಲೆತ್ತಿದವರು ನೆಲದ ಕಡೆ ನೋಡ್ಲಿಲ್ಲ. ಬೆಳಗಿನ ತನಕ ಹಾಸಿಗೆಯಲ್ಲಿ ಹೊರಳಾಡಿದ್ರಿ. ಹೋಗಿ ಎರಡು ಹನಿ ಚೆಲ್ಲಿ ಬನ್ನಿ, ಇವತ್ತು ನನಗಾದ್ರೂ ನಿದ್ದೆ ಬೇಕು."